ಮೆಟ್ಟಿಲೇರುವ ವೇಗ

ಓಡುವ ಬಂಡಿಯ ವೇಗವನ್ನು ಕಂಡುಹಿಡಿಯುವುದು ಹೇಗೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲ ಬಲ್ಲರು: ಕ್ರಮಿಸಿದ ದೂರವನ್ನು ಹಿಡಿದ ಕಾಲದಿಂದ ಭಾಗಿಸಿದರೆ ಆಯಿತು. ಅಂತರಜಾಲದಲ್ಲಿ ಸಾವಿರಾರು ಮಂದಿ ಏಕಕಾಲಕ್ಕೆ ಕೂಡಿ ಆಡುವ ಪಾತ್ರಧಾರಣೆಯ ಆಟಗಳಲ್ಲಿಯೂ ಇಂಥದೊಂದು ವೇಗವುಂಟು. ಆಟಗಾರನು ಮೃಗಗಳನ್ನು ಕೊಂದೋ, ಆಟದೊಳಗಿನ ಊರವರು ಒಪ್ಪಿಸಿದ ಕಾರ್ಯವನ್ನು ನೆರವೇರಿಸಿಯೋ ಅನುಭವದ ಅಂಕಗಳನ್ನು ಗಳಿಸುತ್ತಾನೆ. ಅವು ಗೊತ್ತಾದ ಮೊತ್ತವನ್ನು ಮುಟ್ಟಿದೊಡನೆ ಅವನ ಪಾತ್ರವು ಒಂದು ಲೆವೆಲ್, ಎಂದರೆ ಒಂದು ಮೆಟ್ಟಿಲು, ಮೇಲೇರುತ್ತದೆ. ಒಪ್ಪಿಸಿದ ಕಾರ್ಯಕ್ಕೆ ಕ್ವೆಸ್ಟ್ ಎಂದು ಹೆಸರು. ಕ್ವೆಸ್ಟಿನ ಬಹುಮಾನ ದೊಡ್ಡದಾದಷ್ಟೂ ಏರಿಕೆ ಶೀಘ್ರವೆಂದು ಮೇಲುನೋಟಕ್ಕೆ ತೋರುವುದು ಸಹಜ. ಆದರೆ ಭಾಗಾಕಾರದಲ್ಲಿ ಛೇದವೂ ಉಂಟಷ್ಟೆ. ಇಲ್ಲಿ ಆ ಛೇದವು ಕಾಲ.

ಅಮೆರಿಕದ ಬ್ಲಿಝಾರ್ಡ್ ಸಂಸ್ಥೆಯು 2004ರ ನವೆಂಬರಿನಲ್ಲಿ ಹೊರತಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟವನ್ನು ತೆಗೆದುಕೊಳ್ಳೋಣ. ಆಗ ಅದರಲ್ಲಿದ್ದುವು 60 ಮೆಟ್ಟಿಲುಗಳು. ಒಂದರಿಂದ ಎರಡಕ್ಕೆ ಏರಲು 400 ಅಂಕಗಳು ಬೇಕು. ಸಮಬಲದ ಮೃಗವೊಂದನ್ನು ಕೊಂದರೆ 50 ದೊರೆಯುತ್ತವೆ. ಎಂಟು ಬೇಟೆ ಸಾಕು. ಹತ್ತರಿಂದ ಹನ್ನೊಂದಕ್ಕೆ 7,600 ಅಂಕ, ಮೃಗವೊಂದಕ್ಕೆ 95, ಎಂಬತ್ತು ಬೇಟೆ. 59ರಿಂದ 60ಕ್ಕಾದರೋ 2,09,800 ಅಂಕ, ಮೃಗವೊಂದಕ್ಕೆ 340. ಆರುನೂರಕ್ಕೂ ಮಿಕ್ಕ ಬೇಟೆ! ನಿರ್ಮಾಪಕರು ಮೊದಮೊದಲು ಆರಂಭದ ಪ್ರದೇಶಗಳಿಗೆ ಮಾತ್ರ ಕ್ವೆಸ್ಟ್‌ಗಳನ್ನು ಯೋಚಿಸಿದ್ದರು. ಅವು ಮುಗಿದ ಕಡೆ ಆಟವೇ ಕೆಟ್ಟುನಿಂತಂತಿದೆಯೆಂದು ಪರೀಕ್ಷಾರ್ಥವಾಗಿ ಆಡಿದವರು ದೂರಿದ ಮೇಲೆ ಅವನ್ನು ಕೊನೆಯವರೆಗೂ ಹರಡಬೇಕಾಯಿತು.

ಈಗ ಛೇದವನ್ನು ಪರಿಶೀಲಿಸೋಣ. ಈ ಆಟದಲ್ಲಿ ಕಾಲ್ನಡೆಯ ಪಾತ್ರವು ಸೆಕೆಂಡಿಗೆ 7 ಗಜ ಓಡುತ್ತದೆ. ಹಳ್ಳಿಯಿಂದ 2,100 ಗಜ ದೂರದಲ್ಲಿ ಒಂದು ಗವಿ, ಅಲ್ಲಿ ಮಾಡಬೇಕಾದ ಮೂರು ಕಾರ್ಯಗಳು ಎಂದಿಟ್ಟುಕೊಳ್ಳಿ. ಹೋಗಲು 5 ನಿಮಿಷ, ಬರಲು 5. ಹಳ್ಳಿಯ ಮುಖಂಡನು ಒಂದು ಮುಗಿದ ಬಳಿಕ ಇನ್ನೊಂದನ್ನು ಹೇಳಿದರೆ ಓಡಾಟಕ್ಕೇ 30 ನಿಮಿಷ; ಮೂರನ್ನೂ ಒಟ್ಟಿಗೆ ಹೇಳಿದರೆ 10. ಗವಿಯೊಳಗಿನ ಕೆಲಸಕ್ಕೆ ಒಟ್ಟು 15 ನಿಮಿಷವಾದರೆ, ಮೊದಲ ಕ್ರಮದಲ್ಲಿ 45 ನಿಮಿಷ, ಎರಡನೆಯದರಲ್ಲಿ 25. ಬಹುಮಾನಕ್ಕೆ ಒಂದಂಕವನ್ನೂ ಸೇರಿಸದೆ ವೇಗವು 1.8 ಪಟ್ಟಾಯಿತು. ಉಪ್ಪಿಗೊಮ್ಮೆ, ಎಣ್ಣೆಗೊಮ್ಮೆ ಸಂತೆಗೆ ಹೋಗಿಬರುವವರು ನಮ್ಮಲ್ಲಾರೂ ಇಲ್ಲ. ಆದರೆ ಇಂಥ ಕ್ವೆಸ್ಟ್‌ಗಳನ್ನು ರಚಿಸಿದವರುಂಟು.

ಇನ್ನು ಸಂಭವದ ಮಾತು. "ಎಂಟು ಕಾಡುಹಂದಿಗಳ ದಾಡೆ ತಾ" ಎಂಬ ಆಜ್ಞೆ ಸರಳವಾಗಿಯೇ ಕಾಣುತ್ತದೆ. ಆದರೆ ಕೊಂದ ನಾಲ್ಕು ಹಂದಿಗಳಲ್ಲಿ ಒಂದರ ದಾಡೆ ಮಾತ್ರ ಕೈಗೆ ಸಿಗುವಂತೆ ಯಂತ್ರವು ದಾಳ ಉರುಳಿಸುತ್ತಿದ್ದರೆ, ಸರಾಸರಿಯಲ್ಲಿ 32 ಹಂದಿಗಳು ಬೇಕು. ಸರಾಸರಿ ಎಂದೆ, ಎಲ್ಲರಿಗೂ ಅಷ್ಟೇ ಅಲ್ಲ. ಇಲ್ಲಿ ಮಾನಕ ವಿಚಲನೆಯು ಸುಮಾರು 10. ಒಬ್ಬನು 22ಕ್ಕೆ ಮುಗಿಸಿಯಾನು, ಅವನ ಗೆಳೆಯನು 42 ಆದರೂ ಅಲೆಯುತ್ತಿದ್ದಾನು. ಹಿಂದಿನ ಸೋಲುಗಳ ನೆನಪು ದಾಳಕ್ಕಿಲ್ಲ: ಕೊನೆಯ ಒಂದು ದಾಡೆಗಾಗಿ ಮತ್ತೆ ಹತ್ತು ಹಂದಿಗಳನ್ನು ಕೊಂದೂ ಬರಿಗೈಯಾಗುವವರು ನೂರರಲ್ಲಿ ಐದಾರು ಮಂದಿ ಇರುತ್ತಾರೆ. ಬೇಟೆಗೂ ಅಂಕಗಳಿರುವುದರಿಂದ ಶ್ರಮ ಪೂರ್ತಿ ವ್ಯರ್ಥವಲ್ಲವೆಂಬುದು ನಿಜ. ಬೇಸರಕ್ಕೆ ಮಾತ್ರ ಅಂಕವಿಲ್ಲ. ಇದೇ ಆಟದಲ್ಲಿ ಒಂದು ಪುಸ್ತಕದ ಚದುರಿದ ಹಾಳೆಗಳನ್ನು ಕಾಡಿನಲ್ಲಿ ಹೀಗೆಯೇ ಹೆಕ್ಕಿಸುವ ಕ್ವೆಸ್ಟ್ ಒಂದಿತ್ತು. ಅದನ್ನು ರಚಿಸಿದ ಜೆಫ್ ಕಪ್ಲನ್ ಅವರೇ 2009ರಲ್ಲಿ ಆಟ ನಿರ್ಮಾಪಕರ ಸಮ್ಮೇಳನದಲ್ಲಿ ಅದನ್ನು ತಮ್ಮ ತಪ್ಪುಗಳ ಪಟ್ಟಿಗೆ ಸೇರಿಸಿದರು.

ಎಲ್ಲಕ್ಕಿಂತ ಸ್ವಾರಸ್ಯವಾದುದು ವಿಶ್ರಾಂತಿಯ ಪ್ರಸಂಗ. ಆಟವು ಇನ್ನೂ ಪರೀಕ್ಷೆಯಲ್ಲಿದ್ದಾಗ, ಬಹಳ ಹೊತ್ತು ಆಡಿದವರಿಗೆ ಅಂಕಗಳು ಅರ್ಧಕ್ಕಿಳಿಯುವ ನಿಯಮವಿತ್ತು. ಇದು ದಂಡನೆಯೆಂದು ಎಲ್ಲರೂ ಸಿಟ್ಟಾದರು. ನಿರ್ಮಾಪಕರು ಅಂಕಗಳ ಗತಿಯನ್ನು ಹಾಗೆಯೇ ಉಳಿಸಿ ಹೆಸರನ್ನಷ್ಟೇ ಬದಲಿಸಿದರು: ಪೂರ್ಣವಾಗಿದ್ದುದು 'ವಿಶ್ರಾಂತ'ನಿಗೆ ಇಮ್ಮಡಿಯಾಯಿತು, ಅರ್ಧವಾಗಿದ್ದುದು ಸಾಮಾನ್ಯವಾಯಿತು. ಸಿಟ್ಟು ಅಡಗಿತು! ಈ ಇಮ್ಮಡಿ ಬೇಟೆಗೆ ಮಾತ್ರ, ಕ್ವೆಸ್ಟಿನ ಬಹುಮಾನಕ್ಕಿಲ್ಲ. ಪಾತ್ರವನ್ನು ಛತ್ರದಲ್ಲಿ ಬಿಟ್ಟು ಆಟಗಾರನು ಎದ್ದುಹೋದರೆ, 8 ಗಂಟೆಗಳಿಗೆ ಒಂದು ಮೆಟ್ಟಿಲಿನ ನೂರಕ್ಕೆ 5ರಷ್ಟು ವಿಶ್ರಾಂತಿ ಕೂಡುತ್ತದೆ. ಗರಿಷ್ಠ ಒಂದೂವರೆ ಮೆಟ್ಟಿಲು. ಲೆಕ್ಕ ಹಾಕಿದರೆ ಅದು ತುಂಬಲು ಸರಿಯಾಗಿ ಹತ್ತು ದಿನಗಳು ಹಿಡಿಯುತ್ತವೆ. ಪರೀಕ್ಷೆಗಳು ನಡೆಯಲು ಸಾಮಾನ್ಯವಾಗಿ ಹಿಡಿಯುವುದೂ ಸುಮಾರು ಅಷ್ಟೇ.