ಕೃಷಿ ತ್ಯಾಜ್ಯದಿಂದ ಸಕ್ರಿಯ ಇಂಗಾಲ

ಸಕ್ರಿಯ ಇಂಗಾಲವು ಅತಿಸೂಕ್ಷ್ಮ ರಂಧ್ರಗಳಿಂದ ಕೂಡಿದ ಇಂಗಾಲದ ಒಂದು ರೂಪ. ತೆಂಗಿನ ಕರಟ, ಅಡಿಕೆ ಸಿಪ್ಪೆ, ಭತ್ತದ ಹೊಟ್ಟು ಮೊದಲಾದ ಕೃಷಿ ತ್ಯಾಜ್ಯಗಳಿಂದ ಇದನ್ನು ತಯಾರಿಸಬಹುದು. ನೀರಿನ ಶುದ್ಧೀಕರಣಕ್ಕೂ ಚಿನ್ನ, ಬೆಳ್ಳಿಯಂತಹ ಅಮೂಲ್ಯ ಲೋಹಗಳನ್ನು ದ್ರಾವಣದಿಂದ ಮರಳಿ ಪಡೆಯಲೂ ಇದು ಬಳಕೆಯಾಗುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲಿ ಇದರ ಕಚ್ಚಾವಸ್ತು ಹೇರಳವಾಗಿದ್ದು, ಭದ್ರಾವತಿಯಲ್ಲಿ ಕೈಗಾರಿಕಾ ಪ್ರಮಾಣದಲ್ಲಿ ಇದ್ದಿಲು ತಯಾರಿಸಿದ ಇತಿಹಾಸವಿದೆ. ಆದರೆ ಎಲ್ಲ ಇದ್ದಿಲೂ ಸಕ್ರಿಯ ಇಂಗಾಲವಲ್ಲ. ಎಲ್ಲ ಸಕ್ರಿಯ ಇಂಗಾಲವೂ ಚಿನ್ನದ ಕೆಲಸಕ್ಕೆ ಒದಗುವುದಿಲ್ಲ.

ಭದ್ರಾವತಿಯ ಇದ್ದಿಲು

ಹಿಂದೆ ಬೆಂಕಿಪುರವೆಂದು ಕರೆಯಲಾಗುತ್ತಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನವು ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದರ ಊದುಕುಲುಮೆಗೆ ಕೋಕ್ ಬದಲು ಮಲೆನಾಡಿನ ಮರದ ಇದ್ದಿಲನ್ನು ಬಳಸಲಾಗುತ್ತಿತ್ತು. ಮರವನ್ನು ಗಾಳಿ ಸೋಕದಂತೆ ಕಾಯಿಸಿ ಇದ್ದಿಲಿನ ಜೊತೆಗೆ ಮಿಥೈಲ್ ಆಲ್ಕೋಹಾಲ್ ಮತ್ತು ಟಾರನ್ನೂ ಪಡೆಯಲಾಗುತ್ತಿತ್ತು. ಈ ಇದ್ದಿಲು ಕುಲುಮೆಗೆ ಇಂಧನವೂ ಅದಿರಿನ ಅಪಕರ್ಷಣಕಾರಿಯೂ ಆಗಿತ್ತು. ಸಕ್ರಿಯ ಇಂಗಾಲದ ತಯಾರಿಕೆಯಲ್ಲಿ ಇದು ಮೊದಲ ಹಂತ ಮಾತ್ರ.

ತಯಾರಿಕೆ

ಮೊದಲಿಗೆ ಒಣಗಿದ ತ್ಯಾಜ್ಯವನ್ನು ಗಾಳಿಯಿಲ್ಲದೆ ಸುಮಾರು 400–600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ಇದ್ದಿಲಾಗಿಸಲಾಗುತ್ತದೆ. ಬಳಿಕ 800–1000 ಡಿಗ್ರಿ ಶಾಖದಲ್ಲಿ ಅದರ ಮೇಲೆ ನೀರಾವಿ ಹಾಯಿಸಿದಾಗ ಇಂಗಾಲದ ಒಂದು ಭಾಗ ಅನಿಲವಾಗಿ ಹೊರಹೋಗಿ ಒಳಗೆ ರಂಧ್ರಗಳು ತೆರೆದುಕೊಳ್ಳುತ್ತವೆ. ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ ಕಡಿಮೆ ಶಾಖದಲ್ಲಿ ಕಾಯಿಸುವುದು ಇನ್ನೊಂದು ವಿಧಾನ. ಉತ್ತಮ ಇಂಗಾಲದ ಒಂದು ಗ್ರಾಮಿನಲ್ಲಿ ಸುಮಾರು 1000 ಚದರ ಮೀಟರ್ ಒಳಮೇಲ್ಮೈ ಇರುತ್ತದೆ.

ಚಿನ್ನದ ಮರುಪಡೆಯುವಿಕೆ

ಪುಡಿಮಾಡಿದ ಅದಿರಿನಲ್ಲಿರುವ ಚಿನ್ನವು ಗಾಳಿಯ ಆಮ್ಲಜನಕದ ನೆರವಿನಿಂದ ಸಯನೈಡ್ ದ್ರಾವಣದಲ್ಲಿ ಕರಗುತ್ತದೆ. ಆ ಕೆಸರಿಗೆ ಇಂಗಾಲದ ಹರಳುಗಳನ್ನು ಬೆರೆಸಿದಾಗ ಚಿನ್ನದ ಸಂಯುಕ್ತವು ರಂಧ್ರಗಳ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಈ ಕ್ರಿಯೆಗೆ ಅಧಿಶೋಷಣೆ ಎಂದು ಹೆಸರು. ನಂತರ ಹರಳುಗಳನ್ನು ಜರಡಿ ಹಿಡಿದು, ಬಿಸಿ ಕ್ಷಾರ ದ್ರಾವಣದಿಂದ ಚಿನ್ನವನ್ನು ಬಿಡಿಸಿ, ವಿದ್ಯುದ್ವಿಭಜನೆಯಿಂದ ಲೋಹವನ್ನು ಪಡೆಯಲಾಗುತ್ತದೆ. ಇಂಗಾಲವನ್ನು ಕುಲುಮೆಯಲ್ಲಿ ಮತ್ತೆ ಕಾಯಿಸಿ ಮರುಬಳಕೆ ಮಾಡಲಾಗುತ್ತದೆ. ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ 1973ರಲ್ಲಿ ಈ ವಿಧಾನವು ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬಂದಿತು. ಕರ್ನಾಟಕದಲ್ಲಿ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಕಾರ್ಯನಿರ್ವಹಿಸುತ್ತಿದೆ.

ಕಚ್ಚಾವಸ್ತುವಿನ ಆಯ್ಕೆ

ಕೆಸರಿನಲ್ಲಿ ಕಲಕುವಾಗ ಹರಳು ಸವೆದು ಪುಡಿಯಾದರೆ, ಆ ಪುಡಿ ಜರಡಿಯಿಂದ ನುಸುಳಿ ತನಗಂಟಿದ ಚಿನ್ನದೊಡನೆ ತ್ಯಾಜ್ಯಕ್ಕೆ ಸೇರುತ್ತದೆ. ಆದ್ದರಿಂದ ಗಟ್ಟಿತನವು ರಂಧ್ರಗಳಷ್ಟೇ ಮುಖ್ಯ.

- ತೆಂಗಿನ ಕರಟ: ಗಡಸು, ಬೂದಿ ಕಡಿಮೆ, ಸೂಕ್ಷ್ಮ ರಂಧ್ರಗಳು ಹೆಚ್ಚು. ಚಿನ್ನದ ಉದ್ಯಮದಲ್ಲಿ ಇದೇ ಪ್ರಧಾನ.
- ಅಡಿಕೆ ಸಿಪ್ಪೆ: ನಾರಿನಿಂದ ಕೂಡಿದ್ದು, ಇದರ ಇಂಗಾಲ ಮೆದು. ಬಣ್ಣ ಹಾಗೂ ಭಾರಲೋಹಗಳನ್ನು ನೀರಿನಿಂದ ತೆಗೆಯಲು ಹೆಚ್ಚು ಸೂಕ್ತ.
- ಭತ್ತದ ಹೊಟ್ಟು: ಸಿಲಿಕಾ ಅಧಿಕವಾಗಿರುವುದರಿಂದ ಬೂದಿ ಹೆಚ್ಚು.

ಮಲೆನಾಡಿನಲ್ಲಿ ಅಡಿಕೆ ಸುಲಿದ ಬಳಿಕ ಸಿಪ್ಪೆಯನ್ನು ರಸ್ತೆಬದಿಯಲ್ಲಿ ಸುರಿದು ಸುಡುವುದರಿಂದ ಹೊಗೆಯ ತೊಂದರೆಯಾಗುತ್ತದೆ. ನೀರಿನ ಶುದ್ಧೀಕರಣಕ್ಕೆ ಬೇಕಾದ ಇಂಗಾಲದ ತಯಾರಿಕೆಯು ಈ ತ್ಯಾಜ್ಯಕ್ಕೆ ಒಂದು ಉಪಯೋಗವಾಗಬಲ್ಲದು.

ಸುರಕ್ಷತೆ

ಸಯನೈಡ್ ಮಾರಕ ವಿಷ. ದ್ರಾವಣವು ಆಮ್ಲೀಯವಾದರೆ ಹೈಡ್ರೋಜನ್ ಸಯನೈಡ್ ಅನಿಲ ಹೊರಬರುವುದರಿಂದ ಅದನ್ನು ಸದಾ ಕ್ಷಾರೀಯವಾಗಿ ಇರಿಸಲಾಗುತ್ತದೆ. ಹಳೆಯ ವಿದ್ಯುನ್ಮಾನ ಫಲಕಗಳಿಂದ ಚಿನ್ನ ತೆಗೆಯಲು ಮನೆಯಲ್ಲಿ ಅಥವಾ ಅನಧಿಕೃತ ಘಟಕಗಳಲ್ಲಿ ಸಯನೈಡ್ ಬಳಸುವುದು ಪ್ರಾಣಾಪಾಯಕಾರಿ.