ಬಟನ್ ಒತ್ತಿದ್ರೆ ರಾಗ!

ಕೀಬೋರ್ಡ್ ಕ್ಲಾಸ್ ಅರ್ಧಕ್ಕೇ ಬಿಟ್ಟವರು ನಮ್ಮಲ್ಲಿ ಎಷ್ಟು ಜನ ಇದ್ದೀವಿ? ನೋಟೇಶನ್ ಓದೋಕೆ ಬರಲ್ಲ, ಸಂಗೀತ ನಮಗಲ್ಲ ಅಂದುಕೊಂಡ್ವಿ. ಜಪಾನಿನ ಇಂಟರ್‌ಆ್ಯಕ್ಟಿವ್ ಡಿಸೈನರ್ ತೊಶಿಯೊ ಇವಾಯಿ ನಮ್ಮಂಥವರಿಗೂ ಆಗುವ ವಾದ್ಯ ಮಾಡಿದ್ದಾರೆ.

ಚಿಕ್ಕವರಿದ್ದಾಗ ಅಮ್ಮ ಆಟಿಕೆ ಕೊಡಿಸೋದು ನಿಲ್ಲಿಸಿ, ನೀನೇ ಮಾಡಿಕೋ ಅಂತ ಸಾಮಾನು ಕೊಟ್ಟರಂತೆ. ಮುಂದೆ ಅವರಿಗೆ ಹುಚ್ಚು ಹಿಡಿಸಿದ್ದು, ತೂತು ಕೊರೆದ ಕಾಗದದ ಪಟ್ಟಿಯಿಂದ ನುಡಿಯುವ ಮ್ಯೂಸಿಕ್ ಬಾಕ್ಸ್. ಪಟ್ಟಿ ತಿರುಗಿಸಿ ಹಾಕಿದ್ರೆ ಬೇರೆಯದೇ ರಾಗ!

2007ರಲ್ಲಿ ಯಮಹಾ ಜೊತೆ ತಂದ 'ಟೆನೊರಿ-ಆನ್' ಕೂಡ ಹಾಗೇ. 16×16, ಒಟ್ಟು 256 ಎಲ್‌ಇಡಿ ಬಟನ್. ಅಡ್ಡಕ್ಕೆ ಕಾಲ, ಮೇಲಕ್ಕೆ ಸ್ವರ. ಒತ್ತಿಟ್ಟ ಬಟನ್‌ಗಳು ಎಡದಿಂದ ಬಲಕ್ಕೆ ಮಿನುಗುತ್ತಾ ನುಡಿದು, ಮತ್ತೆ ಮೊದಲಿಂದ ಶುರು.

ಲ್ಯಾಬ್‌ನ ಹಳೇ ಎಲ್‌ಇಡಿ ಮ್ಯಾಟ್ರಿಕ್ಸ್‌ಗೆ ನಾವೂ ಒಂದು ಸ್ಪೀಕರ್ ಸೇರಿಸಿದ್ದೀವಿ. ಸದ್ಯಕ್ಕೆ ಬರೀ ಕುಂಯ್ ಅನ್ನುತ್ತೆ. ಆದರೂ ಬಿಟ್ಟ ಕ್ಲಾಸ್ ಮತ್ತೆ ಶುರುವಾಗಿದೆ.