ತೊಂಬತ್ತೆರಡು ಸೆಕೆಂಡಿನ ನೀರು

2019ರ ಆಗಸ್ಟ್ 1. ಇಂಗ್ಲೆಂಡಿನ ವೇಲಿ ಬ್ರಿಜ್ ಎಂಬ ಸಣ್ಣ ಊರಿನ ನೆತ್ತಿಯ ಮೇಲಿರುವ ಟಾಡ್‌ಬ್ರೂಕ್ ಜಲಾಶಯದ ಕೋಡಿ ಮಳೆಯ ಹೊಡೆತಕ್ಕೆ ಕುಸಿಯಿತು. ಕಟ್ಟೆ ಒಡೆದರೆ ಊರೇ ಇಲ್ಲ ಎಂಬ ಭಯಕ್ಕೆ ಸುಮಾರು 1,500 ಜನರನ್ನು ಮನೆ ಬಿಡಿಸಿದರು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಜಲ್ಲಿ ತುಂಬಿದ ಚೀಲಗಳನ್ನು ತೂಗಾಡಿಸಿಕೊಂಡು ಬಂದು, ಕುಸಿದ ಜಾಗಕ್ಕೆ 400 ಟನ್ನಿನಷ್ಟು ಸುರಿಯಿತು. ಪಂಪುಗಳು ಹಗಲಿರುಳು ಜಲಾಶಯ ಬರಿದು ಮಾಡಿದವು. ಜನ ಮನೆಗೆ ಮರಳಿದ್ದು ಆಗಸ್ಟ್ 7ಕ್ಕೆ. ಈ ಕಣಿವೆಯ ಗೊಯ್ಟ್ ಹೊಳೆ ಕೆಳಗಿಳಿದು ಸ್ಟಾಕ್‌ಪೋರ್ಟಿನಲ್ಲಿ ಟೇಮ್ ಹೊಳೆಯನ್ನು ಕೂಡುತ್ತದೆ. ಅಲ್ಲಿಂದ ಮುಂದೆ ಅದು ಮರ್ಸಿ ನದಿ.

ಇಷ್ಟೆಲ್ಲ ಗಾಬರಿ ಹುಟ್ಟಿಸಿದ ಆ ಜಲಾಶಯ ಹಿಡಿಯುವುದು 13 ಲಕ್ಷ ಘನ ಮೀಟರ್ ನೀರು. ನಮ್ಮ ಲೆಕ್ಕದಲ್ಲಿ 130 ಕೋಟಿ ಲೀಟರ್.

ಅದೇ ಆಗಸ್ಟಿನ ಎರಡನೇ ವಾರದಲ್ಲಿ ನಮ್ಮ ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನಿಂದ ಹೊರಬಿದ್ದ ನೀರು ಸೆಕೆಂಡಿಗೆ 5 ಲಕ್ಷ ಘನ ಅಡಿ ದಾಟಿತು. ‘5 ಲಕ್ಷ ಕ್ಯುಸೆಕ್’ ಎಂದು ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸುತ್ತೇವೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗೆ ತುಸು ಹೆಚ್ಚು. ಗುಣಿಸಿದರೆ ಸೆಕೆಂಡಿಗೆ 1 ಕೋಟಿ 41 ಲಕ್ಷ ಲೀಟರ್. 1,500 ಜನರನ್ನು ವಾರದ ಮಟ್ಟಿಗೆ ಮನೆ ಬಿಡಿಸಿದ ಟಾಡ್‌ಬ್ರೂಕಿನ ಅಷ್ಟೂ ನೀರು ಆಲಮಟ್ಟಿಯ ಗೇಟುಗಳಿಂದ ಹೊರಬೀಳಲು ಬೇಕಾದ ಸಮಯ 92 ಸೆಕೆಂಡು.

ನಂಬಿಕೆ ಬಾರದಿದ್ದರೆ ಸ್ಟಾಕ್‌ಪೋರ್ಟಿನ ರೈಲು ಸೇತುವೆಯನ್ನೇ ಅಳತೆಗೋಲು ಮಾಡಿಕೊಳ್ಳಿ. 1840ರಲ್ಲಿ ಮುಗಿದ, 27 ಕಮಾನುಗಳ ಆ ಸೇತುವೆಗೆ ಹಿಡಿದದ್ದು 1 ಕೋಟಿ 10 ಲಕ್ಷ ಇಟ್ಟಿಗೆ. ಒಂದೊಂದು ಇಟ್ಟಿಗೆಯ ಪಾಲಿಗೆ ಒಂದೊಂದು ಲೀಟರ್ ಹಂಚಿದರೂ ಒಂದು ಸೆಕೆಂಡಿನ ಕೃಷ್ಣೆಗೆ ಆ ಇಟ್ಟಿಗೆಗಳು ಸಾಲವು. ಅದಕ್ಕೂ ಹತ್ತು ವರ್ಷ ಹಿಂದೆ, 2009ರ ಅಕ್ಟೋಬರ್ ಆರಂಭದಲ್ಲಿ, ಇದೇ ಕೃಷ್ಣೆಯ ಶ್ರೀಶೈಲ ಜಲಾಶಯಕ್ಕೆ ಬಂದು ಸೇರಿದ ನೀರು 25 ಲಕ್ಷ ಕ್ಯುಸೆಕ್ ದಾಟಿತ್ತು. ಆ ರಭಸಕ್ಕೆ ಟಾಡ್‌ಬ್ರೂಕ್ 18 ಸೆಕೆಂಡಿನ ಮಾತು.

2019ರಲ್ಲಿ ಕರ್ನಾಟಕದ 22 ಜಿಲ್ಲೆ, 103 ತಾಲ್ಲೂಕುಗಳು ನೆರೆಪೀಡಿತವಾದವು. ಸುಮಾರು 7 ಲಕ್ಷ ಜನ ಮನೆ ಬಿಟ್ಟರು. ಮಲಪ್ರಭೆಯ ನೀರು ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೂ ನುಗ್ಗಿತು. ಇಂಥ ಸಂಖ್ಯೆ ಕಂಡವರಿಗೆಲ್ಲ ಹೊಳೆಯುವ ಪರಿಹಾರ ಒಂದೇ: ಊರನ್ನೇ ಎತ್ತಿ ಬೇರೆಡೆ ಇಡಿ.

ಅದನ್ನು ಮಾಡಿಯೂ ನೋಡಿದ್ದಾಯಿತು. 2009ರ ನೆರೆಯ ನಂತರ ಸರ್ಕಾರ ‘ಆಸರೆ’ ಯೋಜನೆ ತಂದಿತು. ದಾನಿಗಳು, ಕಂಪನಿಗಳು ಕೈಜೋಡಿಸಿದವು. ಎತ್ತರದ ಜಾಗದಲ್ಲಿ ಸಾಲು ಸಾಲು ಮನೆಗಳೆದ್ದವು. ಎಷ್ಟೋ ಮನೆಗಳಿಗೆ ಜನ ಹೋಗಲಿಲ್ಲ, ಹೋದವರಲ್ಲಿ ಎಷ್ಟೋ ಮಂದಿ ಮರಳಿದರು, ಖಾಲಿ ಬಿದ್ದ ಮನೆಗಳ ಸುತ್ತ ಜಾಲಿಕಂಟಿ ಬೆಳೆಯಿತು. 2019ರಲ್ಲಿ ಹೊಳೆ ಮತ್ತೆ ಊರಿಗೆ ಬಂದಾಗ ಅವೇ ಮನೆಗಳಿಗೆ ಓಡಿದರು. ನೀರಿಳಿದ ಮೇಲೆ ಮತ್ತೆ ಹಳೇ ಊರು.

‘ಇವರಿಗೆ ಬುದ್ಧಿ ಬರೋದಿಲ್ಲ’ ಎಂದು ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭ. ಹೊಳೆಸಾಲಿನ ರೈತನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. 2009ರಿಂದ 2019ರವರೆಗೆ 3,650 ದಿನ. ಎರಡು ನೆರೆ ತಲಾ 15 ದಿನ ಮನೆ ಬಿಡಿಸಿದವು ಎಂದುಕೊಂಡರೂ 30 ದಿನ. ಉಳಿದ 3,600ಕ್ಕೂ ಹೆಚ್ಚು ದಿನ ಅವನನ್ನು ಸಾಕಿದ್ದು ಅದೇ ಹೊಳೆ ತಂದು ಹಾಸಿದ ಎರೆಮಣ್ಣು. ಹೊಸ ಮನೆ ಹೊಲದಿಂದ 3 ಕಿಲೋಮೀಟರ್ ದೂರ ಎಂದಿಟ್ಟುಕೊಳ್ಳಿ. ದಿನಕ್ಕೆ 6, ವರ್ಷಕ್ಕೆ 300 ದಿನದಂತೆ ಹತ್ತು ವರ್ಷಕ್ಕೆ 18,000 ಕಿಲೋಮೀಟರ್. ಬೆಂಗಳೂರಿನಿಂದ ಮ್ಯಾಂಚೆಸ್ಟರಿಗೆ ಹೋಗಿ ಬಂದರೂ ಮಿಗುವಷ್ಟು ದಾರಿ. ಅದನ್ನು ಅವನು ಹೆಗಲ ಮೇಲೆ ಗಳೆ ಸಾಮಾನು ಹೊತ್ತು, ಎತ್ತು ಹೊಡೆದುಕೊಂಡು ಸವೆಸಬೇಕು.

ಆ ಹೊಸ ಮನೆಯೊಳಗೂ ಇಣುಕಿ ನೋಡಿ. ಒಂದು ಕೋಣೆ, ಒಂದು ಅಡುಗೆಮನೆ. ಜೋಡೆತ್ತು ಎಲ್ಲಿ ಕಟ್ಟುವುದು? ಬಣವೆ ಎಲ್ಲಿ ಒಟ್ಟುವುದು? ಜೋಳದ ಚೀಲ ಎಲ್ಲಿಡುವುದು? ಹಳೇ ಮನೆಯಲ್ಲಿ ಅಪ್ಪ, ಮದುವೆಯಾದ ಮೂವರು ಮಕ್ಕಳು ಒಂದೇ ಸೂರಿನಡಿ ಇದ್ದರೆ ಕಾಗದದಲ್ಲಿ ಅದು ಒಂದು ಮನೆ. ಬದಲಿಗೆ ಸಿಗುವುದೂ ಒಂದೇ. ಹಕ್ಕುಪತ್ರಕ್ಕೆ ಅಲೆದಾಟ ಬೇರೆ.

ದೂರದ ಬುಡಕಟ್ಟುಗಳ ಪಾಡೂ ಇದೇ. ಕೆನಡಾದ ಕಶೆಚೆವಾನ್ ಎಂಬ ಮೂಲನಿವಾಸಿಗಳ ಊರನ್ನು ಆಲ್ಬನಿ ನದಿಯ ಹಿಮಗಡ್ಡೆ ಒಡೆಯುವ ವಸಂತ ಬಂತೆಂದರೆ ವಿಮಾನದಲ್ಲಿ ಖಾಲಿ ಮಾಡಿಸುತ್ತಾರೆ. ಸ್ಥಳಾಂತರದ ಒಪ್ಪಂದಕ್ಕೆ ಸಹಿ ಬಿದ್ದದ್ದು 2019ರಲ್ಲಿ. ಅಮೆರಿಕದ ಲೂಯಿಸಿಯಾನಾದ ಜೀನ್ ಚಾರ್ಲ್ಸ್ ದ್ವೀಪ 1955ರಿಂದೀಚೆಗೆ ತನ್ನ ನೆಲದಲ್ಲಿ ನೂರಕ್ಕೆ 98ರಷ್ಟನ್ನು ಕಳೆದುಕೊಂಡಿದೆ. ಅಲ್ಲಿನ ಚೊಕ್ಟಾ ಜನರ ಸ್ಥಳಾಂತರಕ್ಕೆ 2016ರಲ್ಲಿ 4 ಕೋಟಿ 83 ಲಕ್ಷ ಡಾಲರ್ ಮಂಜೂರಾಯಿತು. ಮೊದಲ ಕುಟುಂಬಗಳು ಹೊಸ ಮನೆ ಹೊಕ್ಕಿದ್ದು 2022ರಲ್ಲಿ, ಸಮುದ್ರದಿಂದ ಒಳಕ್ಕೆ, ಹಳೆಯ ನೆಲೆಯಿಂದ ಸುಮಾರು 64 ಕಿಲೋಮೀಟರ್ ಆಚೆ. ಯೋಜನೆ ತಮ್ಮ ಕೈ ತಪ್ಪಿಹೋಯಿತು ಎಂದು ಬುಡಕಟ್ಟಿನ ಮುಖಂಡರು ದೂರಿದರು.

ಊರು ಬಿಡುತ್ತೀರಾ ಎಂದು ಸ್ಟಾಕ್‌ಪೋರ್ಟನ್ನು ಕೇಳುವವರಿಲ್ಲ. 2025ರ ಹೊಸ ವರ್ಷದ ದಿನವೇ ಟೇಮ್ ಹೊಳೆ ಉಕ್ಕಿ, ದಡದ ಹಳೇ ನೂಲಿನ ಗಿರಣಿಯನ್ನು ಫ್ಲ್ಯಾಟುಗಳಾಗಿಸಿದ್ದ ಮೆಡೋ ಮಿಲ್‌ನ ನಿವಾಸಿಗಳನ್ನು ಹೊರಗೆ ಕರೆತರಬೇಕಾಯಿತು. ಹಾಗೆಂದು ಪಟ್ಟಣವನ್ನು ಎತ್ತಿಡಿ ಎಂದು ಯಾರೂ ಹೇಳಲಿಲ್ಲ. ಅಲ್ಲಿ ನದಿಯ ನೆತ್ತಿಯ ಮೇಲೇ ಮರ್ಸಿವೇ ಎಂಬ ಅಂಗಡಿ ಸಂಕೀರ್ಣ ನಿಂತಿದೆ. ಕೆಳಗಿನ ಡಿಡ್ಸ್‌ಬರಿ, ಸೇಲ್‌ಗಳಲ್ಲಿ ಹೆಚ್ಚಾದ ನೀರನ್ನು ಬಯಲಿಗೆ ತಿರುಗಿಸಿ ನಿಲ್ಲಿಸಿಕೊಳ್ಳುವ ವ್ಯವಸ್ಥೆಯಿದೆ. ಇಂಗ್ಲೆಂಡಿನಲ್ಲಿ ನೆರೆಯ ಅಪಾಯವಿರುವ ಕಟ್ಟಡಗಳು 63 ಲಕ್ಷ. ಅಂಥ ಮನೆಗಳ ವಿಮೆ ಕೈಗೆಟುಕುವಂತೆ ಇರಲೆಂದು 2016ರಲ್ಲಿ ‘ಫ್ಲಡ್ ರೀ’ ಎಂಬ ಯೋಜನೆ ಆರಂಭಿಸಿದರು. ಅದು 2039ರವರೆಗೆ ನಡೆಯಲಿದೆ.

ಮರ್ಸಿಯನ್ನು ಬಯಲಿಗೆ ತಿರುಗಿಸಿದಂತೆ ಕೃಷ್ಣೆಯನ್ನು ತಿರುಗಿಸಲಾಗದು, ನಿಜ. ಆದರೆ ಹೊಳೆಪಾತ್ರದ ಒತ್ತುವರಿ, ಜಲಾಶಯದಿಂದ ನೀರು ಬಿಡುವ ಹೊತ್ತು, ಇವೆಲ್ಲ ಮನುಷ್ಯರ ಕೈಯಲ್ಲೇ ಇವೆ. ಆಸ್ತಿ ದಟ್ಟವಾಗಿರುವಲ್ಲಿ ನೀರನ್ನು ಸ್ಥಳಾಂತರಿಸುತ್ತಾರೆ, ತೆಳುವಾಗಿರುವಲ್ಲಿ ಜನರನ್ನು. ಜನರ ತೂಕ ಕಡಿಮೆ ಎಂದು ಮೊದಲೇ ಬಗೆದಿದ್ದರೆ, ಕಟ್ಟಿಕೊಡುವ ಮನೆಯ ಅಳತೆಯೂ ಅಷ್ಟಕ್ಕೇ ನಿಲ್ಲುತ್ತದೆ.

ಜನ ಹಳೇ ಊರಲ್ಲೇ ಇರಲಿ ಎಂದಲ್ಲ. ನೆರೆ ಹತ್ತು ವರ್ಷಕ್ಕೊಮ್ಮೆ ಎಂಬ ಲೆಕ್ಕ ಈಗ ನಿಲ್ಲುತ್ತಿಲ್ಲ. 2019ರ ಬೆನ್ನಿಗೇ 2021ರಲ್ಲೂ ಕೃಷ್ಣೆ ಉಕ್ಕಿದಳು. 30 ದಿನ 60, 90 ಆದರೆ ರೈತನೇ ಹೊಸ ಜಾಗ ಕೇಳುತ್ತಾನೆ. ಜೊತೆಗೆ ಇನ್ನೊಂದು ಸ್ಥಳಾಂತರ ಬಾಗಿಲಲ್ಲಿದೆ. ಆಲಮಟ್ಟಿಯನ್ನು 519.60 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಿದರೆ 20 ಹಳ್ಳಿಗಳು, ಬಾಗಲಕೋಟೆ ಪಟ್ಟಣದ ಒಂದಷ್ಟು ಭಾಗ, 75,563 ಎಕರೆ ನೆಲ ಮುಳುಗುತ್ತವೆ. ಎಕರೆಯ ದರ ಕಡತದಲ್ಲಿದೆ. ಅದರ ಪಕ್ಕದಲ್ಲಿ ಪ್ರತಿ ಮನೆಗೂ ಇನ್ನು ಮೂರು ಅಂಕಿ ಬರೆಯಬೇಕು: ಹೊಸ ಮನೆಯಿಂದ ದುಡಿಮೆಯ ಜಾಗಕ್ಕೆ ಎಷ್ಟು ದೂರ, ಹಟ್ಟಿಯಲ್ಲಿ ಎಷ್ಟು ದನ, ಒಲೆ ಬೇರೆಯಾಗಬೇಕಾದ ಸಂಸಾರಗಳೆಷ್ಟು. ಆ ಮೂರನ್ನು ಬಿಟ್ಟು ಕಟ್ಟಿದ ಊರಿಗೆ ಜನ ನೀರು ಬಂದಾಗಷ್ಟೇ ಬರುತ್ತಾರೆ.